ಸ್ವರಕ್ಕೆ ಮೇಲು-ಕೆಳಗು ಎಲ್ಲಿಂದ ಬಂದಿತು?

ಕ್ರಿಸ್ಮಸ್ ಗಾಯನದ ಸಿದ್ಧತೆ ನಡೆದಿದ್ದ ಒಂದು ಸಂಜೆ. ಹುಕ್ಕೇರಿ ತಾಲೂಕಿನ ಹಳ್ಳಿಯೊಂದರ ಪುಟ್ಟ ಗಾಯನ ತಂಡದೆದುರು ನಿಂತು, "ಇಲ್ಲಿ ಮೇಲೆ ಹೋಗಿರಿ" ಎಂದು ಕೈಯೆತ್ತಿ ತೋರಿಸಿದೆ. ಸ್ವರ ಏರಲಿಲ್ಲ, ಗದ್ದಲ ಏರಿತು. "ಕೆಳಗೆ ಬನ್ನಿರಿ" ಎಂದೆ, ಎಲ್ಲರೂ ಪಿಸುಗುಟ್ಟಿದರು. ತಪ್ಪು ಅವರದಾಗಿರಲಿಲ್ಲ. ಕನ್ನಡದಲ್ಲಿ ದನಿಯೆತ್ತುವುದೆಂದರೆ ಗಟ್ಟಿಯಾಗಿ ಮಾತನಾಡುವುದು. ಏರುದನಿಯೆಂದರೆ ಜಗಳದ ದನಿ.

ಅಂದೇ ನನ್ನಿಂದ ಇನ್ನೊಂದು ಪ್ರಮಾದವೂ ಘಟಿಸಿತು. ಗಂಭೀರ ಕಂಠದ ಹಿರಿಯ ಕೂಲಿಕಾರನೊಬ್ಬನಿಗೆ, "ನೀನು ಕೆಳಗಿನ ಸ್ವರದಲ್ಲಿಯೇ ಇರು, ಮೇಲಿನದು ನಿನಗೆ ಬೇಡ" ಎಂದೆ. ಮರುವಾರ ಆತ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದಾಗ ಅವನೆಂದ ಮಾತು ಇಂದಿಗೂ ಕಿವಿಯಲ್ಲಿದೆ: "ಕೆಳಗ ಇರು ಅನ್ನೂದನ್ನ ಹೊರಗ ಕೇಳೇವ್ರಿ ಫಾದರ್. ಒಳಗೂ ಅದನ್ನ ಕೇಳಬೇಕೇನ್ರಿ?"

ಸೆಮಿನರಿಯಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ ಓದಿದವನಿಗೆ ಈ ಪ್ರಶ್ನೆ ಹೊಳೆಯಲು ಒಬ್ಬ ಕೂಲಿಕಾರನ ಮುನಿಸು ಬೇಕಾಯಿತು. ಸ್ವರದಲ್ಲಿ ನಿಜವಾಗಿಯೂ ಮೇಲು-ಕೆಳಗು ಇದೆಯೆ? ತಂತಿಯನ್ನು ಅರ್ಧಕ್ಕೆ ಒತ್ತಿ ಮೀಟಿದರೆ ಕಂಪನ ಇಮ್ಮಡಿಯಾಗುತ್ತದೆ, ಅಷ್ಟೆ. ಯಾವುದೂ ಎಲ್ಲಿಗೂ ಏರುವುದಿಲ್ಲ. ಹಾರ್ಮೋನಿಯಂ ಮುಂದೆ ಕುಳಿತವನಿಗೆ ತಾರಸ್ವರವಿರುವುದು ಬಲಗಡೆಗೆ. ಸಿತಾರದವನ ಬೆರಳು ತಾರಕ್ಕೆ ಹೋಗಲು ದಂಡಿಯ ಮೇಲೆ ಕೆಳಮುಖವಾಗಿ ಜಾರಬೇಕು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಈ ವೈಚಿತ್ರ್ಯವನ್ನು ಗಮನಿಸಿದ್ದನು. ಮಂದ್ರ ಹೃದಯದಲ್ಲಿ, ಮಧ್ಯ ಕಂಠದಲ್ಲಿ, ತಾರ ಶಿರಸ್ಸಿನಲ್ಲಿ ಎಂದು ದೇಹದೊಳಗೆ ಸ್ವರವನ್ನು ಮೇಲಕ್ಕೇರಿಸಿದ ಅದೇ 'ಸಂಗೀತರತ್ನಾಕರ'ದಲ್ಲಿ, ವೀಣೆಯ ತಂತಿಗಳು ಕೆಳಕೆಳಗೆ ಹೋದಂತೆ ತೀವ್ರವಾಗುತ್ತವೆಂದು ಹೇಳಿದೆ. ಪ್ರಾಚೀನ ಗ್ರೀಕರು ತಮ್ಮ ಲೈರ್ ವಾದ್ಯದ ಅತಿ ಮಂದ್ರ ತಂತಿಗೆ ಇಟ್ಟಿದ್ದ ಹೆಸರಿನ ಅರ್ಥ 'ಎಲ್ಲಕ್ಕಿಂತ ಮೇಲಿನದು'! ಸ್ವರಗಳಿಗೆ ಅವರು ಹೇಳುತ್ತಿದ್ದುದು ಚೂಪು ಮತ್ತು ಭಾರ ಎಂದು.

ಪಾಣಿನಿಯು ಉದಾತ್ತವನ್ನು ಉಚ್ಚವೆಂದೂ ಅನುದಾತ್ತವನ್ನು ನೀಚವೆಂದೂ ಕರೆದನು. ಪತಂಜಲಿ ಅಲ್ಲಿಯೇ ತಡೆದು ಕೇಳುತ್ತಾನೆ: ಒಬ್ಬನಿಗೆ ಉಚ್ಚವಾದದ್ದು ಇನ್ನೊಬ್ಬನಿಗೆ ನೀಚವಾಗಬಹುದಲ್ಲ, ಇದಕ್ಕೆ ನೆಲೆ ಯಾವುದು? ಅವನು ಕೊಡುವ ಉತ್ತರದಲ್ಲಿ ಕಂಠದ ಬಿಗಿತ-ಸಡಿಲಿಕೆಯ ಮಾತಿದೆ. ಜೊತೆಗೆ ಕಂಠರಂಧ್ರದ ಅಣುತಾ ಮತ್ತು ಉರುತಾ, ಅಂದರೆ ಕಿರಿದಾಗುವಿಕೆ ಹಾಗೂ ಅಗಲವಾಗುವಿಕೆ. ಎತ್ತರದ ಮಾತಿನಿಂದ ಹೊರಟ ಚರ್ಚೆ ಗಾತ್ರದ ಮಾತಿನಲ್ಲಿ ಬಂದು ನಿಂತಿತು. ನಮ್ಮ ಅಜ್ಜಿಯಂದಿರು ವ್ಯಾಕರಣ ಓದದೆಯೇ 'ಸಣ್ಣ ದನಿ', 'ದಪ್ಪ ದನಿ' ಎನ್ನುತ್ತ ಬಂದಿದ್ದಾರೆ.

ಸ್ವರ ಏಣಿ ಹತ್ತುವುದನ್ನು ಕಣ್ಣಿಗೆ ಕಾಣಿಸಿದವರಲ್ಲಿ ನಮ್ಮ ಸನ್ಯಾಸಿಗಳ ಪಾತ್ರ ದೊಡ್ಡದು. ಹನ್ನೊಂದನೆಯ ಶತಮಾನದ ಅರೆಝೋದ ಗ್ವಿಡೋ ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮವನ್ನು ನೆಲೆಗೊಳಿಸಿದನು. ಪಾಠಕ್ಕೆ ಅವನು ಬಳಸಿದ ಸ್ನಾನಿಕ ಯೊವಾನ್ನರ ಸ್ತುತಿಗೀತೆಯಲ್ಲಿ ಆರು ಖಂಡಗಳು ಒಂದೊಂದು ಸ್ವರ ಮೇಲಿನಿಂದ ಆರಂಭವಾಗುತ್ತವೆ. ಹ್ಯಾಂಡೆಲ್ 1741ರಲ್ಲಿ ರಚಿಸಿದ 'ಮೆಸ್ಸಾಯ'ದಲ್ಲಿ ದೇವದೂತರ ಗೀತೆಯ 'ಮಹೋನ್ನತ'ಕ್ಕೆ ಎತ್ತರದ ಕಂಠಗಳು, 'ಭೂಮಿಯ ಶಾಂತಿ'ಗೆ ಮಂದ್ರದ ಕಂಠಗಳು. ಸುಂದರವೇ ಸರಿ. ಆದರೆ ಲತೀನಿನ 'ಆಲ್ತುಸ್' ಎಂಬ ಒಂದೇ ಶಬ್ದಕ್ಕೆ ಎತ್ತರ, ಆಳ ಎರಡೂ ಅರ್ಥವಿದೆಯೆಂಬುದನ್ನು ನಾವು ಮರೆಯುತ್ತೇವೆ.

ಮಾತು ಕಿವಿಯನ್ನೂ ತಿದ್ದುತ್ತದೆಯೆ? 2013ರಲ್ಲಿ ಸಾರಾ ಡೋಲ್‌ಶೈಡ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ಉಲ್ಲೇಖಿಸಬೇಕು. ಡಚ್ಚರು ಸ್ವರವನ್ನು ಎತ್ತರ-ತಗ್ಗು ಎನ್ನುತ್ತಾರೆ, ಫಾರಸಿಯವರು ತೆಳು-ದಪ್ಪ ಎನ್ನುತ್ತಾರೆ. ಸ್ವರ ಕೇಳಿಸಿ ತೆರೆಯ ಮೇಲೆ ಗೆರೆ ತೋರಿಸಿ, ಕೇಳಿದ ಸ್ವರವನ್ನೇ ಹಾಡಿರೆಂದಾಗ, ಗೆರೆಯ ಎತ್ತರ ಡಚ್ಚರನ್ನು ದಾರಿ ತಪ್ಪಿಸಿತು. ಗೆರೆಯ ದಪ್ಪ ಫಾರಸಿಯವರನ್ನು ದಾರಿ ತಪ್ಪಿಸಿತು. ಡಚ್ಚರಿಗೆ ಸ್ವಲ್ಪ ಕಾಲ ತೆಳು-ದಪ್ಪದ ಮಾತು ಕಲಿಸಿದ ಮೇಲೆ ಅವರೂ ಫಾರಸಿಯವರಂತಾದರು. ಆದರೆ 'ದಪ್ಪವೆಂದರೆ ತಾರ' ಎಂದು ತಿರುವುಮುರುವಾಗಿ ಕಲಿಸಿದಾಗ ಅದು ನಾಟಲಿಲ್ಲ. ನಾಲ್ಕು ತಿಂಗಳ ಹಸುಗೂಸುಗಳಿಗೂ ಎರಡೂ ಹೋಲಿಕೆಗಳ ಸೂಕ್ಷ್ಮ ಅರಿವಿದೆಯೆಂದು 2014ರಲ್ಲಿ ಅದೇ ಬಳಗ ತೋರಿಸಿತು. ಹಾಗಾದರೆ ಭಾಷೆ ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಇರುವ ಎರಡು ಹಾದಿಗಳಲ್ಲಿ ಒಂದನ್ನು ತುಳಿದು ತುಳಿದು ಸವೆಸುತ್ತದೆ.

ನಿಸರ್ಗವಾದರೂ ಒಂದೇ ಮಾತನಾಡುವುದಿಲ್ಲ. ಗುಬ್ಬಿಯ ದನಿ ಮೇಲಿನಿಂದ ಬರುತ್ತದೆ, ಸಣ್ಣದು; ಎಮ್ಮೆಯ ದನಿ ನೆಲದ ಮೇಲಿನದು, ದಪ್ಪ. ಆದರೆ ಮಳೆಗಾಲದಲ್ಲಿ ಗೋಕಾಕ ಜಲಪಾತದ ಮುಂದೆ ನಿಲ್ಲಿರಿ. ಘಟಪ್ರಭೆ ಸುಮಾರು 170 ಅಡಿ ಎತ್ತರದಿಂದ ಧುಮುಕುತ್ತದೆ, ಎದೆಯನ್ನು ನಡುಗಿಸುವ ಆ ನಾದ ಮಾತ್ರ ಮಂದ್ರದ್ದು.

ನಮ್ಮ ಭಜನಾ ಮೇಳಗಳವರು ಈ ತೊಡಕನ್ನು ತಮ್ಮದೇ ರೀತಿಯಲ್ಲಿ ದಾಟಿದ್ದಾರೆ. ಕುಲಗೋಡದ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡ ಶ್ರೀಕೃಷ್ಣ ಪಾರಿಜಾತದ ಸೀಮೆಯಿದು. ಮೂಡಲಗಿಯ ಕಡೆಗೆ ಹಾರ್ಮೋನಿಯಂ ಮುಂದೆ ಕುಳಿತವನು ಹಾಡುಗಾರನಿಗೆ ಮೇಲೆ-ಕೆಳಗೆ ಎನ್ನುವುದಿಲ್ಲ. "ಯಾವ ಪಟ್ಟಿ? ಕರಿ ಎರಡೋ, ಬಿಳಿ ನಾಕೋ?" ಎಂದು ಕೇಳುತ್ತಾನೆ.

ಮುಂದಿನ ಶನಿವಾರ ನಾನೂ ಮಾತು ಬದಲಿಸಿದೆ. ಆ ಹಿರಿಯನ ಮನೆಗೆ ಮತ್ತೊಮ್ಮೆ ಹೋಗಿ ಕ್ಷಮೆ ಕೇಳಿ, "ನಮ್ಮಲ್ಲಿ ಸಣ್ಣ ದನಿಯವರು ಬಹಳ ಇದ್ದಾರೆ, ದಪ್ಪ ದನಿ ನಿಮ್ಮದೊಂದೇ, ಅದಿಲ್ಲದೆ ಹಾಡಿಗೆ ಬುಡವಿಲ್ಲ" ಎಂದೆ. ಬುಡವೂ ಕೆಳಗೇ ಇರುತ್ತದೆಂಬುದು ಆಡಿದ ಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡೆ. ಆತ ನಕ್ಕು, ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟ. ಆ ರಾತ್ರಿ ಗಾಯನವನ್ನು ಕರಿ ಎರಡಕ್ಕೆ ಹಿಡಿದೆವು.