ಸೂರ್ಯನ ಕುದುರೆ: ಗುರುತು ಬಣ್ಣದಲ್ಲಿಲ್ಲ, ಕಂಕುಳಲ್ಲಿದೆ

ತರಕಾರಿ ಸಾಲಿನಲ್ಲಿ, ಬೇಲಿಯ ಗಿಡದಲ್ಲಿ ಕೈ ಮುಗಿದು ಕೂತಿರುವ ಸೂರ್ಯನ ಕುದುರೆಯನ್ನು ನೋಡದ ಕೃಷಿಕರಿಲ್ಲ. ಆದರೆ ‘ಹಸಿರಿನದ್ದು ಒಂದು ಜಾತಿ, ಕಂದಿನದ್ದು ಇನ್ನೊಂದು’ ಎಂದು ಹೇಳಿ ಮುಗಿಸುವವರೇ ಹೆಚ್ಚು. ಇದು ಸರಿಯಲ್ಲ. ಒಂದೇ ಜಾತಿಯಲ್ಲಿ ಹಸಿರೂ ಇರುತ್ತದೆ, ಕಂದೂ ಇರುತ್ತದೆ.

ಕಣ್ಣನ್ನೂ ನಂಬಬೇಡಿ. ಕಣ್ಣಿನೊಳಗೆ ಕಾಣುವ ಕಪ್ಪು ಚುಕ್ಕೆ ನಾವು ಯಾವ ಕಡೆಯಿಂದ ನೋಡಿದರೂ ನಮ್ಮತ್ತಲೇ ತಿರುಗಿದಂತಿರುತ್ತದೆ. ಅದು ಬೆಳಕಿನ ಆಟ, ಜಾತಿಯ ಗುರುತಲ್ಲ. ಹಗಲು ಹಸಿರಾಗಿದ್ದ ಕಣ್ಣು ರಾತ್ರಿ ಕಪ್ಪಾಗುವುದೂ ಸಹಜವೇ.

ಮೊದಲು ಮಿಡತೆಯಿಂದ ಬೇರ್ಪಡಿಸಿ

ಎಲೆ ತಿನ್ನುವ ಮಿಡತೆಗೆ ನೆಗೆಯುವ ದಪ್ಪ ಹಿಂಗಾಲು ಇದೆ. ಸೂರ್ಯನ ಕುದುರೆಯ ಬಲವೆಲ್ಲ ಮುಳ್ಳಿನ ಮುಂಗಾಲಿನಲ್ಲಿ. ತಲೆ ಮುಕ್ಕೋನ, ಕತ್ತು ತಿರುಗಿಸಿ ನಮ್ಮನ್ನೇ ನೋಡುತ್ತದೆ. ಇದು ಎಲೆ ತಿನ್ನುವುದಿಲ್ಲ. ಕಡ್ಡಿಹುಳಕ್ಕೆ ಬೇಟೆಯ ಮುಂಗಾಲಿಲ್ಲ. ಅದರ ಆಹಾರ ಎಲೆ.

ಹೋಲುವ ಮೂರು

ಗೊಂದಲ ಇರುವುದು ಇಲ್ಲೇ. ಹುಳದ ಮುಂದೆ ಒಂದು ಕಡ್ಡಿ ಹಿಡಿಯಿರಿ. ಹೆದರಿಸಲು ಅದು ಮುಂಗಾಲು ಅಗಲಿಸಿ ನಿಂತರೆ ಒಳಬದಿ ಕಾಣುತ್ತದೆ. ಇಲ್ಲವಾದರೆ ಗಾಜಿನ ಬಾಟ್ಲಿಯಲ್ಲಿ ಹಾಕಿ ನೋಡಿ ಬಿಟ್ಟುಬಿಡಿ.

ಕಂಕುಳಲ್ಲಿ, ಅಂದರೆ ಮುಂಗಾಲಿನ ಬುಡದ ಒಳಬದಿಯಲ್ಲಿ, ದುಂಡಗಿನ ಕಪ್ಪು ಬೊಟ್ಟು ಇದ್ದರೆ ಅದು ಮ್ಯಾಂಟಿಸ್ ರಿಲಿಜಿಯೋಸ. ಕೆಲವದರಲ್ಲಿ ಬೊಟ್ಟಿನ ನಡುವೆ ಬಿಳಿ ಇರುತ್ತದೆ. ಹುಲ್ಲು ಇರುವ ಕಡೆ ಹೆಚ್ಚು.

ಬೊಟ್ಟಿಲ್ಲ, ಮೈ ದಪ್ಪ, ಉದ್ದ ಏಳೆಂಟು ಸೆಂ.ಮೀ. ಇದ್ದರೆ ಹೈರೊಡುಲ ಗುಂಪಿನದ್ದಿರಬಹುದು. ಈ ಗುಂಪಿನ ಕೆಲವು ಜಾತಿಗಳ ಮೇಲ್ರೆಕ್ಕೆಯಲ್ಲಿ ಸಣ್ಣ ಬಿಳಿ ಚುಕ್ಕೆ ಎದ್ದು ಕಾಣುತ್ತದೆ. ಪೊದೆ, ಮರಗಳಲ್ಲಿ ಇರುತ್ತದೆ.

ಸಪೂರ, ಸಾಮಾನ್ಯವಾಗಿ ಕಂದು, ಉದ್ದ ನಾಲ್ಕರಿಂದ ಆರು ಸೆಂ.ಮೀ., ಮುಳ್ಳಿರುವ ತೊಡೆಯ ಒಳಬದಿಯಲ್ಲಿ ಕಪ್ಪು-ಬಿಳಿ ಗುರುತು: ಇದು ಸ್ಟಾಟಿಲಿಯ. ನೆಲದ ಹತ್ತಿರ ಓಡಾಡುತ್ತದೆ.

ಸುಲಭದ ಎರಡು

ಮೇಲ್ರೆಕ್ಕೆಯಲ್ಲಿ ಕಣ್ಣಿನಂಥ ಚಿತ್ರ ಇರುವ ಪುಟ್ಟದು ಕ್ರಿಯೊಬ್ರೋಟರ್. ಹೂವಿನಲ್ಲಿ ಹೊಂಚು ಹಾಕುತ್ತದೆ. ನೂಲಿನಂಥ ಕತ್ತು, ಕಾಲಿಗೆ ಒಣಗಿದೆಲೆ ಅಂಟಿಸಿದಂತೆ ಇದ್ದರೆ ಗೊಂಗಿಲಸ್. ಒಮ್ಮೆ ಕಂಡರೆ ಮರೆಯುವುದಿಲ್ಲ.

ಗಂಡು, ಹೆಣ್ಣು, ಮರಿ

ಗಂಡು ಸಪೂರ, ಮೀಸೆ ಉದ್ದ. ಹೆಣ್ಣಿನ ಹೊಟ್ಟೆ ದಪ್ಪ. ಹೊಟ್ಟೆಯ ಅಡಿಯಲ್ಲಿ ಪಟ್ಟಿ ಎಣಿಸಿದರೆ ಹೆಣ್ಣಿಗೆ ಆರು, ಗಂಡಿಗೆ ಎಂಟು. ಇವೆರಡನ್ನು ಬೇರೆ ಜಾತಿ ಎಂದುಕೊಳ್ಳುವುದುಂಟು. ರೆಕ್ಕೆ ಪೂರ್ತಿ ಬಾರದ ಮರಿಗಳಲ್ಲಿ ಜಾತಿ ಹೇಳುವುದು ಕಷ್ಟ. ಕೆಲವು ಜಾತಿಯ ಎಳೆ ಮರಿಗಳಂತೂ ಥೇಟ್ ಇರುವೆ!

ಇದೆಲ್ಲ ಯಾಕೆ ಬೇಕು?

ಸೂರ್ಯನ ಕುದುರೆ ಕಂಬಳಿಹುಳ, ಮಿಡತೆ ತಿನ್ನುತ್ತದೆ. ಸಿಕ್ಕಿದರೆ ಜೇನ್ನೊಣವನ್ನೂ ಬಿಡುವುದಿಲ್ಲ. ಹಾಗಾಗಿ ಇದೊಂದರಿಂದಲೇ ಕೀಟ ಹತೋಟಿ ಆಗುತ್ತದೆಂಬ ಭ್ರಮೆ ಬೇಡ. ಆದರೆ ‘ಎಲೆ ತಿನ್ನುವ ಹುಳ’ ಎಂದು ಇದಕ್ಕೇ ವಿಷ ಹೊಡೆದರೆ ನಷ್ಟ ನಮಗೇ.

ಬೇಲಿ ಸವರುವಾಗ ಕಡ್ಡಿಗೆ ಗಟ್ಟಿ ನೊರೆಯಂಥ ಗಂಟು ಅಂಟಿಕೊಂಡಿದ್ದರೆ ಬೆಂಕಿಗೆ ಹಾಕಬೇಡಿ. ಅದು ಮೊಟ್ಟೆಗೂಡು, ಒಳಗೆ ಹತ್ತಾರು ಮೊಟ್ಟೆ ಇರುತ್ತವೆ. ಗೂಡಿನ ಮೈಮೇಲೆ ಅಲ್ಲಲ್ಲಿ ಸೂಜಿ ಚುಚ್ಚಿದಂಥ ದುಂಡು ತೂತುಗಳಿದ್ದರೆ ಪರಾವಲಂಬಿ ಕಣಜ ಹೊರಬಂದಿದೆ ಎಂದರ್ಥ. ಸೂರ್ಯನ ಕುದುರೆಯ ಮರಿಗಳು ಬರುವುದು ನಡುವಿನ ಸೀಳು ಭಾಗದಿಂದ. ತೂತಿಲ್ಲದ ಗೂಡಿರುವ ಕಡ್ಡಿಯನ್ನು ಇರುವೆ ಹತ್ತದ ಇನ್ನೊಂದು ಗಿಡಕ್ಕೆ ಕಟ್ಟಿ. ಖರ್ಚು ಒಂದು ಬಾಳೆನಾರು, ಅಷ್ಟೇ.