ಸಂಗದಿಂದ ಸಾಧನೆ

‘ಹೂವಿನ ಸಂಗದಿಂದ ನಾರೂ ಸ್ವರ್ಗ ಸೇರಿತು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂಬುದನ್ನೂ ಕೇಳಿದ್ದೇವೆ. ಸಂಗವು ಮನುಷ್ಯನನ್ನು ಮೇಲೆತ್ತಲೂ ಬಲ್ಲದು, ಕೆಡವಲೂ ಬಲ್ಲದು. ಆದುದರಿಂದಲೇ ಶರಣರು ಸಜ್ಜನರ ಸಂಗಕ್ಕೆ ಅಷ್ಟೊಂದು ಮಹತ್ವವಿತ್ತರು. ಈ ಮಾತಿಗೆ ನಿದರ್ಶನವನ್ನು ಹನ್ನೆರಡನೆಯ ಶತಮಾನದವರೆಗೆ ಹೋಗಿ ಅರಸಬೇಕಾಗಿಲ್ಲ. ನಮ್ಮ ದಾವಣಗೆರೆಯಲ್ಲಿಯೇ ಅದು ದೊರೆಯುತ್ತದೆ.

1886ರಲ್ಲಿ ಬನವಾಸಿಯಲ್ಲಿ ಜನಿಸಿದ ಹರ್ಡೇಕರ ಮಂಜಪ್ಪನವರು ಕೆಲಕಾಲ ಶಿಕ್ಷಕರಾಗಿದ್ದರು. 1905ರ ವಂಗಭಂಗದ ತರುವಾಯ ಸ್ವದೇಶಿ ಚಳವಳಿಯು ದೇಶವನ್ನೆಲ್ಲ ವ್ಯಾಪಿಸಿದಾಗ ಅವರು ಆ ವೃತ್ತಿಯನ್ನು ತ್ಯಜಿಸಿ ದಾವಣಗೆರೆಗೆ ಬಂದರು. 1906ರಲ್ಲಿ ‘ಧನುರ್ಧಾರಿ’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಆಗ ಅವರ ವಯಸ್ಸು ಸುಮಾರು ಇಪ್ಪತ್ತು. ಆ ತರುಣನಿಗೆ ತಿಲಕರ ಸಂಗ ಲಭಿಸಿದ್ದು ‘ಕೇಸರಿ’ ಪತ್ರಿಕೆಯ ಪುಟಗಳಲ್ಲಿ. ಅದರ ಲೇಖನಗಳನ್ನು ಅವರು ಕನ್ನಡಕ್ಕೆ ತಂದು ‘ಧನುರ್ಧಾರಿ’ಯಲ್ಲಿ ಪ್ರಕಟಿಸಿದರು. ಒಳ್ಳೆಯ ಓದು ಸಹ ಒಂದು ಸತ್ಸಂಗವೇ ಎಂಬುದನ್ನು ಇದರಿಂದ ಅರಿಯಬಹುದು.

ದಾವಣಗೆರೆಯಲ್ಲಿ ಅವರಿಗೆ ಇನ್ನೊಂದು ಸಂಗವೂ ಒದಗಿಬಂದಿತು. ಅದು ವಿರಕ್ತಮಠದ ಪೂಜ್ಯ ಮೃತ್ಯುಂಜಯ ಸ್ವಾಮಿಗಳ ಸಂಗ. ಒಬ್ಬರ ಕೈಯಲ್ಲಿ ಲೇಖನಿ, ಮನದಲ್ಲಿ ದೇಶದ ಚಿಂತೆ. ಇನ್ನೊಬ್ಬರಲ್ಲಿ ಮಠದ ಪರಂಪರೆ, ಭಕ್ತಜನರ ವಿಶ್ವಾಸ. ಇವರೀರ್ವರೂ ಕೂಡಿ 1913ರಲ್ಲಿ ವಿರಕ್ತಮಠದಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದರು. ಇಂದು ನಾಡಿನ ಊರೂರುಗಳಲ್ಲಿ ನಡೆಯುವ ಜಯಂತ್ಯುತ್ಸವಕ್ಕೆ ಇಬ್ಬರ ಸ್ನೇಹವು ಬೀಜವಾಯಿತೆಂಬುದು ಸಾಮಾನ್ಯ ಸಂಗತಿಯಲ್ಲ. ಮುಂದೆ ಮಂಜಪ್ಪನವರು ಆಲಮಟ್ಟಿಯಲ್ಲಿ ಆಶ್ರಮವನ್ನು ಕಟ್ಟಿ ‘ಕರ್ನಾಟಕದ ಗಾಂಧಿ’ ಎನಿಸಿದರು; ಸ್ವಾಮಿಗಳು ಧಾರವಾಡದ ಮುರುಘಾಮಠದ ಅಧಿಪತಿಗಳಾಗಿ ಬಡ ವಿದ್ಯಾರ್ಥಿಗಳಿಗೆ ಆಸರೆಯಾದರು.

ಇಲ್ಲಿ ಹೂವು ಯಾರು, ನಾರು ಯಾರು? ಹೂವಿನಿಂದ ನಾರಿಗೆ ಪರಿಮಳ ಬರುವುದು ನಿಜ; ಆದರೆ ನಾರಿಲ್ಲದೆ ಹೂವು ಮಾಲೆಯಾಗದು. ನಿಜವಾದ ಸಂಗದಲ್ಲಿ ಇಬ್ಬರೂ ಕೊಡುತ್ತಾರೆ, ಇಬ್ಬರೂ ಪಡೆಯುತ್ತಾರೆ. ನೆರೆಯ ಹರಿಹರದ ಹರಿಹರೇಶ್ವರ ಮೂರ್ತಿಯನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ತಿಳಿದೀತು. ಒಂದೇ ವಿಗ್ರಹದಲ್ಲಿ ಹರಿಯೂ ಇದ್ದಾನೆ, ಹರನೂ ಇದ್ದಾನೆ. ಒಬ್ಬನು ಇನ್ನೊಬ್ಬನನ್ನು ಅಳಿಸಿಲ್ಲ. ನಮ್ಮತನವನ್ನು ಅಳಿಸದೆ ನಮ್ಮನ್ನು ಬೆಳೆಸುವ ಸಂಗವೇ ಸತ್ಸಂಗ.

ಇಂದು ದಾವಣಗೆರೆ ವಿದ್ಯಾಕೇಂದ್ರವಾಗಿದೆ. ಸುತ್ತಲಿನ ಹಳ್ಳಿಗಳಿಂದ, ದೂರದ ಜಿಲ್ಲೆಗಳಿಂದ ಮಕ್ಕಳು ಬಂದು ಹಾಸ್ಟೆಲುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಇದ್ದು ಓದುತ್ತಾರೆ. ಅವರನ್ನು ಬಿಡಲು ಬರುವ ತಂದೆತಾಯಿಗಳು ಶುಲ್ಕ ಎಷ್ಟು, ಊಟ ಹೇಗೆ ಎಂದು ನೂರು ಬಾರಿ ವಿಚಾರಿಸುತ್ತಾರೆ. ಜೊತೆಯಲ್ಲಿರುವವರು ಯಾರು, ಬಿಡುವಿನಲ್ಲಿ ಅವರು ಏನು ಮಾಡುತ್ತಾರೆ ಎಂದು ಕೇಳುವವರು ವಿರಳ. ಅದರ ಮೇಲೆ ಈಗ ಮೊಬೈಲ್ ಎಂಬ ಸಂಗಾತಿಯೊಂದು ಹಗಲಿರುಳೂ ಅಂಗೈಯಲ್ಲಿಯೇ ಇದೆ. ಅದು ಓದನ್ನೂ ಒದಗಿಸಬಲ್ಲದು, ಓದನ್ನು ಮರೆಸಲೂ ಬಲ್ಲದು.

ಸ್ನೇಹಿತರನ್ನು ಅಳೆಯಲು ಜಾತಿ, ಸಿರಿತನ, ಪರೀಕ್ಷೆಯ ಅಂಕಗಳು ತಕ್ಕ ಮಾನದಂಡಗಳಲ್ಲ. ಅವರ ಜೊತೆಗೂಡಿದ ಮೇಲೆ ನಮ್ಮ ಮಗುವಿನ ಓದು ಹೆಚ್ಚಿತೇ, ಮಾತು ಮೃದುವಾಯಿತೇ, ಕಾಯಕದಲ್ಲಿ ಶ್ರದ್ಧೆ ಮೂಡಿತೇ ಎಂದು ನೋಡಬೇಕು. ತಪ್ಪು ಮಾಡಿದಾಗ ಎದುರಿಗೆ ತಿದ್ದುವವನು ಗೆಳೆಯ, ಹೊಗಳಿ ಮುಚ್ಚುವವನಲ್ಲ. ಮಕ್ಕಳಿಗೆ ಮೊದಲ ಸಂಗ ಮನೆಯೇ ಎಂಬುದನ್ನೂ ನಾವು ಮರೆಯಲಾಗದು. ಹಿರಿಯರಾದ ನಾವೇ ಸಂಜೆಯನ್ನು ಪರನಿಂದೆಯಲ್ಲಿ ಕಳೆದರೆ ಮಕ್ಕಳಿಗೆ ಸಜ್ಜನರ ಸಂಗವನ್ನು ಹೇಗೆ ಬೋಧಿಸೋಣ?

ಮುಂದಿನ ಬಸವ ಜಯಂತಿಯಂದು ಮಕ್ಕಳ ಕೈಹಿಡಿದು ಮೆರವಣಿಗೆಗೆ ಹೋಗುವಾಗ ಈ ಇಬ್ಬರು ಮಹನೀಯರ ಸ್ನೇಹದ ಕಥೆಯನ್ನು ಅವರಿಗೆ ಹೇಳೋಣ. ಒಳ್ಳೆಯವರ ಸಂಗವನ್ನು ಅರಸಿ ಎಂದಷ್ಟೇ ಹೇಳದೆ, ಇನ್ನೊಬ್ಬರಿಗೆ ಒಳ್ಳೆಯ ಸಂಗವಾಗಿ ಬಾಳಿರಿ ಎಂದೂ ಹರಸೋಣ.