ಈಜು ಬಲ್ಲವರೆಲ್ಲ ಜೀವರಕ್ಷಕರಲ್ಲ

ರಜೆ ಬಂತೆಂದರೆ ಘಟ್ಟದ ಮೇಲಿನ ಧರ್ಮಕೇಂದ್ರಗಳ ಯುವಜನರು ಕರಾವಳಿಗೆ ಪ್ರವಾಸ ಬರುವುದು ವಾಡಿಕೆ. ಮಂಡ್ಯ ಸೀಮೆಯ ಯಲಿಯೂರಿನಂಥ ಊರುಗಳಿಂದ ಬರುವ ತಂಡದಲ್ಲಿ ಕೆರೆ, ನಾಲೆಗಳಲ್ಲಿ ಈಜು ಕಲಿತ ಹುಡುಗರು ಇದ್ದರಂತೂ ಹಿರಿಯರಿಗೂ ಧೈರ್ಯ. ಆದರೆ ಈ ಧೈರ್ಯ ಸಾಕೇ?

2024ರ ನವೆಂಬರ್ 17ರಂದು ಮಂಗಳೂರು ಸಮೀಪದ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮೃತಪಟ್ಟರು. ಅವರಿಗೆ ಈಜು ಬರುತ್ತಿರಲಿಲ್ಲ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಮುಳುಗಿದರು. ಕೊಳದ ಬಳಿ ಜೀವರಕ್ಷಕರಿರಲಿಲ್ಲ. ಮರುತಿಂಗಳೇ ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಪ್ರಾಣ ಕಳೆದುಕೊಂಡರು.

ಜೀವರಕ್ಷಕ ಎಂದರೆ ಯಾರು? ಈಜು ಅವನ ಮೊದಲ ಮೆಟ್ಟಿಲು ಮಾತ್ರ. ಅಮೆರಿಕದ ರೆಡ್ ಕ್ರಾಸ್ ತರಬೇತಿಗೆ ಸೇರಬೇಕಾದರೆ ಕನಿಷ್ಠ 15 ವರ್ಷವಾಗಿರಬೇಕು, ಕೈ ಬಳಸದೆ 2 ನಿಮಿಷ ನೀರಿನ ಮೇಲೆ ನಿಲ್ಲಬೇಕು, ತಳದಿಂದ ಸುಮಾರು 4.5 ಕಿಲೋ ಭಾರದ ವಸ್ತುವನ್ನು ಎತ್ತಿ ತರಬೇಕು. ಪ್ರಮಾಣಪತ್ರದ ಅವಧಿ 2 ವರ್ಷ. ಬಳಿಕ ಮತ್ತೆ ಪರೀಕ್ಷೆ. ನಮ್ಮ ದೇಶದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿ ಗೋವಾದಲ್ಲಿರುವ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ, ಪುಣೆಯ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ ಈ ತರಬೇತಿ ನೀಡುತ್ತವೆ.

ಮುಳುಗುವವರು ಹೆಚ್ಚಾಗಿ ಕೂಗುವುದಿಲ್ಲ, ಸದ್ದಿಲ್ಲದೆ ಕೆಳಗಿಳಿಯುತ್ತಾರೆ. ಆದುದರಿಂದ ಕಣ್ಣಿಟ್ಟು ನೋಡುವುದನ್ನೇ ಮೊದಲು ಕಲಿಸುತ್ತಾರೆ. ನಂತರ ಕ್ರಮ: ದಡದಿಂದಲೇ ಕೋಲು ಚಾಚು, ಹಗ್ಗ ಅಥವಾ ತೇಲುವ ವಸ್ತು ಎಸೆ, ಬೇರೆ ದಾರಿಯಿಲ್ಲದಾಗ ಮಾತ್ರ ತೇಲುಸಾಧನ ಹಿಡಿದು ನೀರಿಗಿಳಿ. ಮೇಲೆ ತಂದವರಿಗೆ ಉಸಿರಿಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಕೊಟ್ಟು, ಆಮೇಲೆ 30 ಬಾರಿ ಎದೆ ಒತ್ತಿ 2 ಬಾರಿ ಉಸಿರು ಕೊಡುವುದನ್ನು ಮುಂದುವರಿಸಬೇಕು.

ಕೊಳದ ತರಬೇತಿ ಪಡೆದವನಿಗೆ ಅಷ್ಟರಿಂದಲೇ ಕಡಲ ಕಾವಲು ಸಾಧ್ಯವಿಲ್ಲ. ಅಲೆ, ಉಬ್ಬರವಿಳಿತ, ದಡದಿಂದ ಒಳಕ್ಕೆಳೆಯುವ ಸೆಳೆತ ಇವನ್ನು ಅವನು ಬೇರೆಯಾಗಿ ಕಲಿಯಬೇಕು. ಸೆಳೆತಕ್ಕೆ ಸಿಕ್ಕವರು ಅದಕ್ಕೆದುರಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ನಾಲೆಯಲ್ಲಿ ಕಲಿತ ಈಜು ಇದನ್ನು ಹೇಳಿಕೊಡುವುದಿಲ್ಲ.

ಆದಕಾರಣ ಪ್ರವಾಸ ಏರ್ಪಡಿಸುವ ಧರ್ಮಗುರುಗಳು, ಉಪದೇಶಕರು, ಯುವ ಮುಖಂಡರು ಮುಂಗಡ ಹಣ ಕೊಡುವ ಮೊದಲೇ ಮೂರು ಪ್ರಶ್ನೆ ಕೇಳಲಿ. ಅಲ್ಲಿ ಜೀವರಕ್ಷಕರಿದ್ದಾರೆಯೇ? ಅವರ ಪ್ರಮಾಣಪತ್ರ ಕೊಳದ್ದೋ ಕಡಲಿನದ್ದೋ, ಅವಧಿ ಮುಗಿದಿಲ್ಲವಷ್ಟೇ? ನಾವು ನೀರಿನಲ್ಲಿರುವಷ್ಟು ಹೊತ್ತೂ ಅವರಿಗೆ ಬೇರೆ ಕೆಲಸವಿಲ್ಲ ತಾನೇ? ಉತ್ತರ ತೃಪ್ತಿಕರವಲ್ಲದಿದ್ದರೆ ಮಕ್ಕಳು ದಡದಲ್ಲೇ ಆಡಲಿ. ಹೆತ್ತವರು ನಮ್ಮನ್ನು ನಂಬಿ ಕಳುಹಿಸಿದವರನ್ನು ಹಾಗೆಯೇ ಮನೆಗೆ ಮುಟ್ಟಿಸುವುದು ನಮ್ಮ ಹೊಣೆ.